ಅಣ್ಣ ಹಚ್ಚಿದ ಸ್ಟಿಕ್ಕರು

ಖಡಕ್ ರೊಟ್ಟಿ ಅಂದರೆ ಮುರಿದಾಗ ಚಟ್ಟನೆ ಸದ್ದಾಗಬೇಕು. ಸದ್ದಿಲ್ಲದೆ ಬಾಗಿದರೆ ಅದು ರೊಟ್ಟಿಯಲ್ಲ, ನೆಲ ಒರೆಸುವ ಅರಿವೆ. ಇಷ್ಟು ಸಾದಾ ಮಾತು ನಮ್ಮೂರು ಶಲವಡಿಯ ಕೂಸಿಗೂ ಗೊತ್ತು, ನನ್ನ ಹಾಳಾದ ವ್ಯಾನಿಗೆ ಮಾತ್ರ ಗೊತ್ತಿಲ್ಲ.

ಆ ಹಳೇ ವ್ಯಾನನ್ನು ಹೋದ ಬೇಸಿಗೆಯಲ್ಲಿ ನನ್ನ ಒಡಹುಟ್ಟಿದ ಅಣ್ಣ ಪ್ರಭುವಿನಿಂದಲೇ ಕೊಂಡೆ. ರೊಟ್ಟಿ ಬಡಿಯುವವಳೂ ನಾನೇ, ಗಾಡಿ ಓಡಿಸಿ ನವಲಗುಂದದ ಖಾನಾವಳಿಗೆ ಮುಟ್ಟಿಸುವವಳೂ ನಾನೇ. ಕೊಡುವ ದಿನ ಅಣ್ಣ ಮುಂದಿನ ಗಾಜಿನ ನೆತ್ತಿಗೆ ಹೊರಗಿನಿಂದ, ಸುತ್ತಲಿನ ರಬ್ಬರೂ ಮುಚ್ಚುವ ಹಾಗೆ, ಅಗಲವಾದ ಹೊಸ ಸ್ಟಿಕ್ಕರು ಅಂಟಿಸಿದ: ‘ಶ್ರೀ ವೀರಭದ್ರೇಶ್ವರ ಪ್ರಸನ್ನ’. ನಮ್ಮ ಮನೆದೇವರು. “ಇರಲಿ ತಂಗಿ, ಕಾಯ್ತಾನ,” ಅಂದ. ನನಗೆ ಕಣ್ಣಲ್ಲಿ ನೀರು ಬಂತು. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ನಾನು ಗಾಡಿ ಹತ್ತುತ್ತಿದ್ದೆ.

ಮಳೆಗಾಲ ಬಂತು, ಗಾಜು ಸೋರತೊಡಗಿತು. ಮೊದಲ ಜೋರು ಮಳೆಗೇ ಮುಂದಿನ ಸೀಟಿನ ಬುಟ್ಟಿ ತೊಯ್ದುಹೋಯಿತು. ಖಾನಾವಳಿಯ ಬಸವಣ್ಣೆಪ್ಪ ಕಾಕಾ ಮೋರೆ ಗಂಟು ಹಾಕಿದರು.

“ಮಹಾನಂದಾ, ನಾಗರ ಪಂಚಮಿ ಮುಂದ ರೊಟ್ಟಿ ಹಬ್ಬ ಐತಿ. ಅರ್ಧ ಊರು ನನ್ನ ಕಡೇನ ರೊಟ್ಟಿ ಒಯ್ತೈತಿ. ಅವತ್ತೂ ಹಿಂಗ ಮೆತ್ತಗ ತಂದಿ ಅಂದ್ರ ಮುಂದ ತರಬ್ಯಾಡ. ಬ್ಯಾರೇದವ್ರಿಗೆ ಹೇಳ್ತೀನಿ.”

ಆ ಖಾನಾವಳಿ ತಪ್ಪಿದರೆ ನನ್ನ ಒಲೆ ಆರಿದ ಹಾಗೆಯೇ. ಪ್ಲಾಸ್ಟಿಕ್ ಹೊದಿಸೋಣವೆಂದರೆ ರೊಟ್ಟಿ ಒಳಗೇ ಬೆವತು ಮೆತ್ತಗಾಗುತ್ತದೆ. ಗಾಜನ್ನೇ ನೆಟ್ಟಗೆ ಮಾಡಿಸಬೇಕಿತ್ತು.

ಅಣ್ಣಿಗೇರಿಯಲ್ಲಿ ಗಾಜು ಕೂರಿಸುವ ಗೌಸ್ ಸುತ್ತ ತಿರುಗಿ ನೋಡಿ, “ಹೊಸಾ ಗಾಜು, ಹೊಸಾ ರಬ್ಬರ್ ಹಾಕಿಸಿಬಿಡ್ರಿ ಅಕ್ಕಾರ,” ಅಂದ.

“ಅಷ್ಟ್ ರೊಕ್ಕ ಇದ್ದಿದ್ರ ಹೊಸಾ ಗಾಡೀನ ತಗೋತಿದ್ನೆಲ್ಲೋ!”

“ಹಂಗಾರ ಎಲ್ಲಿಂದ ಸೋರ್ತೈತಿ ಹುಡುಕೂಣ್ರಿ. ಅಲ್ಲಷ್ಟ ಅಂಟು ಹಚ್ಚಿದ್ರಾತು.”

ಹುಡುಕುವ ಉಪಾಯ ನನ್ನದು. ಗಾಜಿನ ಒಳ ಅಂಚಿಗೆಲ್ಲ ಜೋಳದ ಹಿಟ್ಟು ಸವರಿದೆ. ಗೌಸ್ ಹೊರಗಿನಿಂದ ಕೊಡಗಟ್ಟಲೆ ನೀರು ಸುರಿದ. ಕೆಳಗಿನ ಮೂಲೆಯಲ್ಲಿ ಹಿಟ್ಟು ತುಸು ಹಸಿಯಾಯಿತು. ಮೇಲೆ, ಸ್ಟಿಕ್ಕರಿನ ನೇರಕ್ಕೆ, ಕಲಸಿಟ್ಟ ಹಾಗೆ ಮುದ್ದೆಯಾಯಿತು.

“ಅಕ್ಕಾರ, ಆ ಪಟ್ಟಿ ಕಿತ್ತು ಕೆಳಗ ನೋಡಬೇಕ್ರಿ. ದೇವರ ಹೆಸರೈತಿ, ನಾ ಕೈ ಹಚ್ಚೂದಿಲ್ಲ. ನೀವ ಕೀಳ್ರಿ.”

ನನಗೆ ಪಿತ್ತ ನೆತ್ತಿಗೇರಿತು. “ಮನಿದೇವರ ಹೆಸರು ಕೀಳು ಅಂತೀಯೇನಲೇ? ನಮ್ಮಣ್ಣ ಕೈಯಾರೆ ಹಚ್ಚ್ಯಾನ. ಅದರ ಕೆಳಗ ಏನೂ ಇರಂಗಿಲ್ಲ. ಸುತ್ತ ಅಂಟು ಬಡಿ, ಸಾಕು.”

“ನಿಮ್ಮ ಮರ್ಜಿ,” ಅಂದ ಗೌಸ್, ಕೆಳಗಿನ ಮೂಲೆಗೂ ಪಟ್ಟಿಯ ಅಂಚಿಗುಂಟವೂ ಕಪ್ಪು ಅಂಟು ಎಳೆದ. ಅದು ಒಣಗಿದ ಮೇಲೆ ಮತ್ತೆ ನೀರು ಸುರಿದರೆ ಒಂದು ಹನಿಯೂ ಒಳಗೆ ಬರಲಿಲ್ಲ. “ನೋಡಿದಿ? ವೀರಭದ್ರ ನನ್ನ ಬಾಜು ಅದಾನ,” ಎಂದು ನಾನು ಬೀಗಿದ್ದೇ ಬೀಗಿದ್ದು.

ಹಬ್ಬಕ್ಕೆಂದು ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಬಡಿದೇ ಬಡಿದೆವು. ರೊಟ್ಟಿ ಹಬ್ಬದ ಬೆಳಿಗ್ಗೆ ವ್ಯಾನಿನ ತುಂಬ ಬುಟ್ಟಿ. ಅರ್ಧ ದಾರಿಯಲ್ಲಿ ಎದುರುಗಾಳಿಯ ಮಳೆ ಹಿಡಿಯಿತು. ಮೊದಲು ಮೊಣಕಾಲ ಮೇಲೆ ಒಂದು ಹನಿ. ಆಮೇಲೆ ಗಾಜಿನ ನೆತ್ತಿಯಲ್ಲಿ ಏನೋ ಕಳಚಿ, ನಳ ಬಿಟ್ಟ ಹಾಗೆ ನೀರು. ಸೆರಗು ತುರುಕಿದೆ, ನಿಲ್ಲಲಿಲ್ಲ. “ಯಪ್ಪಾ ವೀರಭದ್ರ, ಕಾಯೋ,” ಎಂದು ಕೂಗುತ್ತಲೇ ಓಡಿಸಿದೆ. ಗಾಳಿಗೆ ಸಿಡಿದ ನೀರು ಹಿಂದಿನ ಬುಟ್ಟಿಗಳನ್ನೂ ಬಿಡಲಿಲ್ಲ.

ಬಸವಣ್ಣೆಪ್ಪ ಕಾಕಾ ಬುಟ್ಟಿಬುಟ್ಟಿಯಿಂದ ಒಂದೊಂದು ರೊಟ್ಟಿ ತೆಗೆದು ಬಾಗಿಸಿ ನೋಡಿದರು. ಒಂದೂ ಸದ್ದು ಮಾಡಲಿಲ್ಲ. ಕಾಕಾ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. “ಒಯ್ಯವ್ವ. ನಾಳಿಂದ ತರಬ್ಯಾಡ,” ಅಂದು ಒಳಗೆ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಲ್ಲೇ ಮಳೆಯಲ್ಲಿ ನಿಂತು, “ತಪ್ಪಾತೋ ಯಪ್ಪಾ,” ಎಂದು ಗಲ್ಲ ಬಡಿದುಕೊಂಡು ಸ್ಟಿಕ್ಕರು ಕಿತ್ತೆ. ಕೆಳಗೆ ರಬ್ಬರೇ ಇರಲಿಲ್ಲ. ಗಾಜು ಕೂರುವ ತಗಡು ತುಕ್ಕು ತಿಂದು ಅಂಗೈಯುದ್ದ ಉದುರಿಹೋಗಿತ್ತು. ಆ ತೂತಿಗೆ ಅರಿವೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ದೇವರನ್ನು ಅಂಟಿಸಲಾಗಿತ್ತು.

ಅವತ್ತೇ ಸಂಜೆ ಅಣ್ಣ ಬಂದ. ಪ್ರತಿ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯುವವನು ಅವನೇ. ಕೈಯಲ್ಲಿ ಕುಪ್ಪಸದ ಕಣ ಇತ್ತು. ನೀರು ಸಹ ಕೊಡದೆ ಕೇಳಿದೆ: “ಅಣ್ಣಾ, ಆ ಪಟ್ಟಿ ಕೆಳಗ ಏನೈತಿ ಅಂತ ನಿನಗ ಗೊತ್ತಿತ್ತೋ ಇಲ್ಲೋ?”

ಇಲ್ಲ ಅನ್ನುತ್ತಾನೆ, ಆಣೆ ಮಾಡುತ್ತಾನೆ, ನಾನು ಜಗಳ ತೆಗೆಯಬಹುದು ಅಂದುಕೊಂಡಿದ್ದೆ. ನನ್ನ ಬಾಯಿ ಬೊಂಬಾಯಿ ಅಂತ ಊರಿಗೇ ಗೊತ್ತು. ಅವನು ನಕ್ಕುಬಿಟ್ಟ.

“ಗೊತ್ತಿತ್ತವ್ವ. ಹೊರಗಿನವ್ರಾದ್ರ ಕಿತ್ತು ನೋಡ್ತಾರ. ನೀ ದೇವರ ಹೆಸರು ಕೀಳೂದಿಲ್ಲ ಅಂತ ಖಾತ್ರಿ ಇತ್ತು. ಅದಕ್ಕ ನಿನಗ ಕೊಟ್ಟೆ. ಏಳೀಗ, ಅವ್ವ ಹಾದಿ ಕಾಯಾಕತ್ತಾಳ.”

“ನಾ ಬರೂದಿಲ್ಲ. ಹೋಗು,” ಅಂದೆ.

ಪಂಚಮಿಯ ದಿನ ನನ್ನನ್ನು ಮನೆಯಲ್ಲೇ ಕಂಡು ಓಣಿಯ ಹೆಂಗಸರು, “ಯಾಕ ಮಹಾನಂದಾ, ಈ ವರ್ಷ ಅಣ್ಣ ಬರಲಿಲ್ಲೇನ?” ಎಂದು ಕೇಳಿದರು.

ಬರಲಿಲ್ಲ ಅಂದೆ.