ನಡುವೆ ಬಂದ ರಾಜ

ನಮ್ಮ ಉಪ್ಪುಂದದ ಯಕ್ಷಗಾನ ತಂಡದ ಹ್ಯಾಂಡ್‌ಬಿಲ್‌ನಲ್ಲಿ ಬಚ್ಚಣ್ಣನ ಹೆಸರು ಒಮ್ಮೆಯೂ ಬಂದದ್ದಿಲ್ಲ. ಹನ್ನೊಂದು ವರ್ಷ ಅವನು ‘ಮತ್ತು ಇತರರು’ ಆಗಿಯೇ ಇದ್ದ. ಅದನ್ನು ಓದಿದಾಗಲೆಲ್ಲ ನನಗೆ ಆ ಕಾಗದವನ್ನು ಹರಿದು ಬಿಸಾಡಬೇಕು ಅನ್ನಿಸುತ್ತಿತ್ತು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಯಾವುದು ಅನ್ಯಾಯ ಎಂದು ತಿಳಿಯಲು ಎಸ್ಸೆಸ್ಸೆಲ್ಸಿ ಬೇಕಾಗಿಲ್ಲ.

ಬೆಳಿಗ್ಗೆ ಬಲೆ ನೇಯುವ ಬಚ್ಚಣ್ಣನಿಗೆ ನಮ್ಮ ಹೊಸ ಪ್ರಸಂಗದ ಹದಿನೇಳು ವೇಷಗಳೂ ಬಾಯಿಪಾಠ. ಟ್ರಯಲ್‌ಗೆ ಯಾರು ಬಾರದಿದ್ದರೂ ಅವರ ಜಾಗದಲ್ಲಿ ಅವನೇ ನಿಲ್ಲುತ್ತಿದ್ದ. ರಾಣಿ ಬಾರದಿದ್ದರೆ ರಾಣಿ, ರಾಕ್ಷಸ ಬಾರದಿದ್ದರೆ ರಾಕ್ಷಸ. ಒಂದು ದಿನ ನಮ್ಮ ರಾಜವೇಷದ ಜಿತೇಂದ್ರ ಬಾರದಿದ್ದಾಗ ವೀರಕೇತು ರಾಜನಾಗಿ ಅವನು ಒಮ್ಮೆ ಅಬ್ಬರಿಸಿದ ನೋಡಿ, ಭಾಗವತಿಕೆ ಮಾಡುತ್ತಿದ್ದ ಸೂರಣ್ಣ ಜಾಗಟೆ ಬಾರಿಸುವುದನ್ನೇ ಮರೆತರು. ಆ ರಾಜನನ್ನು ಜನ ಒಮ್ಮೆಯಾದರೂ ನೋಡಬೇಕು ಎಂಬುದೇ ನನ್ನ ಹಟ.

ಎರಡು ಸಾವಿರದ ಏಳರ ಜುಲೈ ತಿಂಗಳು. ಬ್ರಹ್ಮಾವರದ ಒಂದು ಹಾಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಯ ಆಟ. ವೀರಕೇತು ಜಿತೇಂದ್ರನದೇ. ನನಗೆ ಕಡೆಯ ಯುದ್ಧದಲ್ಲಿ ವೈರಿ ರಾಜನ ವೇಷ. ಅದರ ಜೊತೆಗೆ ಎಲ್ಲರ ತಲೆಗೂ ಮುಂಡಾಸು ಕಟ್ಟುವ ಕೆಲಸ. ಬಟ್ಟೆ ಸುತ್ತಿ ಹುರಿ ಬಿಗಿದು ತಲೆಯ ಮೇಲೆಯೇ ಕಟ್ಟುವ ಕಿರೀಟ ಅದು. ಸಡಿಲವಾದರೆ ಕುಣಿಯುವಾಗ ಕೆಳಗೆ ಬೀಳುತ್ತದೆ, ಬಿಗಿಯಾದರೆ ಮನುಷ್ಯನೇ ಬೀಳುತ್ತಾನೆ.

ಬಣ್ಣ ಬಳಿದುಕೊಳ್ಳುತ್ತಿದ್ದ ಜಿತೇಂದ್ರ ಚೌಕಿಯಲ್ಲಿ, ವೇಷ ಕಟ್ಟುವ ಆ ಕೋಣೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಬಚ್ಚಣ್ಣ ಅಂದ್ರೆ ನಮ್ ತಂಡದ ಸ್ಟೆಪ್ನಿ ಮರಾಯ್ರೆ. ಗಾಡಿಗೆ ಬೇಕೇ ಬೇಕ್. ಆರೆ ಉರುಳುಕೆ ಮಾತ್ರ ಇಲ್ಲ.”

ಎಲ್ಲರೂ ನಕ್ಕರು. ಮೊದಲ ಸಭೆಗೆ ಮಾತ್ರ ಬರುವ ಮಂತ್ರಿಯ ಬಣ್ಣದಲ್ಲಿ ಕೂತಿದ್ದ ಬಚ್ಚಣ್ಣನೂ ನಕ್ಕ. ಜಿತೇಂದ್ರನ ಮುಂಡಾಸಿನ ಹುರಿ ನನ್ನ ಕೈಯಲ್ಲಿತ್ತು. ಇನ್ನೊಂದು ಸುತ್ತು ಎಳೆದೆ.

“ಹ್ವಾಯ್, ಬಿಗಿ ಆಯ್ತ್ ಕಾಣ್,” ಅಂದ ಜಿತೇಂದ್ರ.

“ರಾಜಂಗೆ ಬಿಗಿಯೇ ಇರ್ಕ್,” ಅಂದೆ. ಸಡಿಲಿಸಲಿಲ್ಲ.

ಮೊದಲ ಒಡ್ಡೋಲಗದ ಸಭೆ, ಕುಣಿತ ಮುಗಿಸಿ ಒಳಗೆ ಬಂದ ಜಿತೇಂದ್ರ ಗೋಡೆ ಹಿಡಿದು ವಾಂತಿ ಮಾಡಿದ. ಕಣ್ಣು ಬಿಡಲಾಗಲಿಲ್ಲ. ಬಚ್ಚಣ್ಣ ಓಡಿಬಂದು ಅವನ ಮುಂಡಾಸು ಬಿಚ್ಚಿದ. ಹಣೆಯಲ್ಲಿ ಹುರಿ ಕೊರೆದ ಗೆರೆ ಕೆಂಪಗೆ ಎದ್ದಿತ್ತು. ಬಚ್ಚಣ್ಣ ಗೆರೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹೊರಗೆ ಸೂರಣ್ಣ ಅಂತಃಪುರದ ಪದ್ಯ ಎತ್ತಿಯಾಗಿತ್ತು.

“ನಂಗೆ ಕಟ್ಟ್. ಬೇಗ,” ಎಂದು ಬಚ್ಚಣ್ಣ ನನ್ನೆದುರು ಕೂತ.

ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಂಡು ಮಾಡುವುದು ನಮ್ಮ ಆಟಗಳಲ್ಲಿ ಹೊಸದೇನಲ್ಲ, ಹಾಗಾಗಿ ಜನ ಗಲಾಟೆ ಮಾಡಲಾರರು. ಮಾಡಿದ ತಪ್ಪು ಗೊತ್ತಿದ್ದರೂ ನನಗೆ ಒಳಗೊಂದು ಖುಷಿ. ಇವತ್ತು ಆ ಅಬ್ಬರ ಬ್ರಹ್ಮಾವರಕ್ಕೆ ಕೇಳುತ್ತದೆ!

ಬಚ್ಚಣ್ಣ ರಂಗಕ್ಕೆ ಹೋದ. ಅಬ್ಬರಿಸಲಿಲ್ಲ. ಜಿತೇಂದ್ರನ ಹಾಗೆ ಎಡ ಹುಬ್ಬು ಏರಿಸಿದ. ಜಿತೇಂದ್ರನ ಹಾಗೆ ಮಾತಿನ ಕೊನೆಯಲ್ಲಿ ಎರಡು ಸಲ ಮೀಸೆ ತೀಡಿದ. ತಿರುಗುವಾಗ ಜಿತೇಂದ್ರ ಎಳೆಯುವ ಆ ಅರ್ಧ ಹೆಜ್ಜೆಯನ್ನೂ ಬಿಡಲಿಲ್ಲ. ನಾನು ಪರದೆಯ ಹಿಂದೆ ಹಲ್ಲು ಕಡಿದೆ. ಒಳಗೆ ಬಂದವನನ್ನು ತಡೆದು ನಿಲ್ಲಿಸಿದೆ.

“ಎಂತದ್ ಬಚ್ಚಣ್ಣ ಇದ್? ನಿನ್ನ ರಾಜ ಎಲ್ಲಿಗ್ ಹೋದ?”

“ಜನ ಒಬ್ಬ ರಾಜನ್ನ ಆಗ್ಳೇ ಕಂಡ್ರಲ್ದಾ ಮಾಣಿ? ನಾನ್ ಬೇರೆ ಒಬ್ಬನ್ನ ತಕಂಡ್ ಹೋದ್ರೆ ಆ ರಾಣಿಗೆ ಗಂಡ ಯಾರ್ ಅಂದೇಳಿ ಗೊತ್ತಾಪ್ದ್ ಹ್ಯಾಂಗೆ?”

ಅಷ್ಟರಲ್ಲಿ ಜಿತೇಂದ್ರ ಸೋಡಾ ಕುಡಿದು ಎದ್ದು ಕೂತಿದ್ದ. ಕಡೆಯ ಸಭೆಯನ್ನೂ ಯುದ್ಧವನ್ನೂ ತಾನೇ ಮಾಡುತ್ತೇನೆ ಎಂದ. ಬಚ್ಚಣ್ಣ ಕೂಡಲೇ ತನ್ನ ಮುಂಡಾಸು ಬಿಚ್ಚಿ ವೇಷದ ಪೆಟ್ಟಿಗೆಯ ಕಡೆ ಓಡಿದ, ನಾನು ಜಿತೇಂದ್ರನಿಗೆ ಈ ಸಲ ಹದವಾಗಿ ಕಟ್ಟಿದೆ.

ಆದರೆ ಒಂದು ಕಷ್ಟವಿತ್ತು. ಯಕ್ಷಗಾನದ ಪದ್ಯ ಬರೆದದ್ದು, ಮಾತು ಬರೆದದ್ದಲ್ಲ. ಅದು ರಂಗದ ಮೇಲೆಯೇ ಹುಟ್ಟುವುದು. ಬಚ್ಚಣ್ಣ ರಾಜನಾಗಿ ರಾಣಿಗೆ ಯಾವ ಮಾತು ಕೊಟ್ಟು ಬಂದ ಎಂದು ಜಿತೇಂದ್ರನಿಗೆ ಗೊತ್ತೇ ಇಲ್ಲ. ಕೇಳಿ ತಿಳಿಯಲು ಹೊತ್ತೂ ಇಲ್ಲ, ಚೆಂಡೆ ಆಗಲೇ ಕರೆಯುತ್ತಿತ್ತು. ಸಭೆಯಲ್ಲಿ ರಾಣಿ ಅದನ್ನೇ ಎತ್ತಿದರೆ ರಾಜ ಕಣ್ ಕಣ್ ಬಿಡುತ್ತಾನೆ.

ಜಿತೇಂದ್ರ ಸಿಂಹಾಸನದಲ್ಲಿ ಕೂತನೋ ಇಲ್ಲವೋ, ಬಾಗಿಲು ಕಾಯುವವನೊಬ್ಬ ಈಟಿ ಹಿಡಿದು ಒಳಗೆ ಬಂದ. ಪ್ರಸಂಗದಲ್ಲಿ ಅಂಥ ವೇಷವೇ ಇಲ್ಲ, ಬಂದವನು ಬಚ್ಚಣ್ಣ.

“ಮಹಾಪ್ರಭುಗಳು ನಿನ್ನೆ ಅಂತಃಪುರದಲ್ಲಿ ಅಪ್ಪಣೆ ಕೊಡಿಸಿದಂತೆ,” ಎಂದ ಆ ಕಾವಲಿನವ ಬಗ್ಗಿ, “ಮಹಾರಾಣಿಯವರ ಅಣ್ಣನನ್ನು ಮೂರು ದಿನದೊಳಗೆ ಸೆರೆಯಿಂದ ಬಿಡಬೇಕಲ್ಲವೇ? ಮಾತಿಗೆ ಸಾಕ್ಷಿಯಾಗಿ ತಾವಿತ್ತ ಉಂಗುರವೂ ಅಮ್ಮನವರ ಕೈಯಲ್ಲೇ ಇದೆ.”

ಜಿತೇಂದ್ರನ ಮುಖಕ್ಕೆ ಜೀವ ಬಂತು. “ನೆನಪಿದೆಯೋ ಸೇವಕ, ನೆನಪಿದೆ!” ಎಂದು ಎದ್ದು ನಿಂತ. ಕಾವಲಿನವನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಟ ಎಲ್ಲಿಯೂ ಕಡಿಯದೆ ಮುಂದೆ ಹೋಯಿತು. ನನ್ನ ಪ್ರವೇಶಕ್ಕೆ ಚೆಂಡೆ ಎರಡು ಸಲ ಬಡಿದ ಮೇಲೆಯೇ ನನಗೆ ಎಚ್ಚರವಾದದ್ದು. ಅಷ್ಟೂ ಹೊತ್ತು ನಾನು ಆ ಈಟಿಯವನನ್ನೇ ನೋಡುತ್ತಿದ್ದೆ. ಅಬ್ಬರಿಸುವುದು ಯಾರಿಗೂ ಬರುತ್ತದೆ. ಇದು ನನಗೆ ಜನ್ಮದಲ್ಲಿ ಬರಲಿಕ್ಕಿಲ್ಲ ಎಂದು ಹೊಟ್ಟೆ ಉರಿಯಿತು.

ಮಂಗಳ ಹಾಡಿಯಾದ ಮೇಲೆ ಎಲ್ಲರೆದುರು ಹೇಳಿದೆ: “ಜಿತೇಂದ್ರ, ಬಿಗಿ ಆದ್ದ್ ನಂಗ್ ಗೊತ್ತಿತ್ತ್. ಬೇಕಂದೇಳಿಯೇ ಬಿಟ್ಟೆ.”

ಅವನು ಹೊಡೆಯುತ್ತಾನೆಂದು ನಿಂತೆ. ಅವನು ಬಚ್ಚಣ್ಣನ ಕಡೆ ತಿರುಗಿದ. “ನಿಂಗ್ ಮೊದ್ಲೇ ಗೊತ್ತಿತ್ತಾ?”

“ಗೆರೆ ಕಂಡಿದೆ,” ಅಂದ ಬಚ್ಚಣ್ಣ. “ಆಟ ಮುಗಿಲಿ ಅಂದೇಳಿ ಸುಮ್ನಿದ್ದೆ.”

ಜಿತೇಂದ್ರ ಮುಖದ ಬಣ್ಣ ಒರೆಸಿಕೊಂಡ. ಆಮೇಲೆ ಸೂರಣ್ಣನಿಗೆ ಹೇಳಿದ, “ಕುಂದಾಪುರದ ಆಟಕ್ಕೆ ವೀರಕೇತು ಬಚ್ಚಣ್ಣಂದೇ ಆಯ್ಲಿ. ಶುರುಯಿಂದ ಕಡೆವರೆಗೂ. ಬಿಲ್ಲಲ್ಲಿ ಹೆಸ್ರೂ ಹಾಕಿ.”

“ಮಾಡ್ತೆ,” ಅಂದ ಬಚ್ಚಣ್ಣ. ನಾಚಲೂ ಇಲ್ಲ, ಬೇಡ ಅನ್ನಲೂ ಇಲ್ಲ. “ಆರೆ ನಂಗೆ ವಾಂತಿ ಬಂದ್ರೆ ನಡೂಕೆ ಹೋಪುದ್ ಯಾರ್?”

ಎಲ್ಲರೂ ನನ್ನನ್ನೇ ನೋಡಿದರು.

“ಹದಿನೇಳು ವೇಷವೂ ನೀನ್ ಕಲಿಕ್,” ಅಂದ ಬಚ್ಚಣ್ಣ. “ರಾಣಿದ್ ಸೈತ.”

“ಕಲಿತೆ,” ಎಂದು ಒಪ್ಪಿಕೊಂಡೆ. ನನ್ನ ಸಿಟ್ಟು ಎಲ್ಲಿ ಹೋಗಿತ್ತೋ ತಿಳಿಯದು. ಮರುದಿನ ಬೆಳಿಗ್ಗೆ ಬಲೆಯ ರಾಶಿಯ ಪಕ್ಕದಲ್ಲಿ, ಮೀನು ಹೊತ್ತು ಹೋಗುವ ಹೆಂಗಸರು ನಿಂತು ನಗುತ್ತಿರುವಾಗ, ನಾನು ರಾಣಿಯ ಹೆಜ್ಜೆ ಹಾಕುತ್ತಿದ್ದೆ.