ಅಕ್ಕಿಹಿಟ್ಟಿನ ಪಾಲಿನವರು

ನನ್ನನ್ನು ಹೆತ್ತ ಉಮ್ಮ ರುಕಿಯಮ್ಮನಿಗೆ ಇನ್ನೊಬ್ಬರ ಕಷ್ಟ ಕಂಡರೆ ಕೈ ಸುಮ್ಮನಿರುವುದಿಲ್ಲ. ಆ ಕೈಯೇ ನನ್ನ ಪಿಎಚ್.ಡಿ.ಗೆ ಕಲ್ಲು ಹಾಕಿತು.

ಕಾಲು ಜೋಮು ಹಿಡಿದರೂ ನರ ಸೆಳೆದರೂ ನಮ್ಮ ಮನೆಯಲ್ಲಿ ಒಂದೆಲಗದ ರಸವೇ ಮದ್ದು. ಅದಕ್ಕೆ ಪುರಾವೆ ಹುಡುಕಲೆಂದೇ ನಾನು ಮಣಿಪಾಲದಲ್ಲಿ ಸಂಶೋಧನೆಗೆ ಸೇರಿ, ಹಾಸ್ಟೆಲಿನಲ್ಲಿ ಉಳಿದೆ. ನಮ್ಮೂರು ಕಾಪುವಿನಲ್ಲೇ ಕಾಲು ಜೋಮಿನ ನಲವತ್ತು ಮಂದಿಯನ್ನು ಹುಡುಕಿ, ಒಪ್ಪಿಗೆ ಬರೆಸಿಕೊಂಡು, ಮೂರು ತಿಂಗಳಿಗಾಗುವಷ್ಟು ಕ್ಯಾಪ್ಸೂಲ್ ಕೊಟ್ಟೆ. ಇಪ್ಪತ್ತು ಮಂದಿಗೆ ಒಂದೆಲಗದ ಪುಡಿ, ಇಪ್ಪತ್ತು ಮಂದಿಗೆ ಬರೀ ಅಕ್ಕಿಹಿಟ್ಟು. ಯಾರಿಗೆ ಯಾವುದೆಂದು ಅವರಿಗೂ ತಿಳಿಯದು, ನನಗೂ ತಿಳಿಯದು. ಪಟ್ಟಿ ಇದ್ದದ್ದು ನನ್ನ ಮಾರ್ಗದರ್ಶಕಿ ಐರಿನ್ ಮೇಡಂ ಅವರ ಕಪಾಟಿನಲ್ಲಿ.

ಮೂರು ತಿಂಗಳಾದ ಮೇಲೆ ಪಟ್ಟಿ ತೆರೆದು ನೋಡಿದರೆ ಎರಡೂ ಗುಂಪಿಗೆ ಒಂದೇ ಸಮ ಗುಣ.

"ಹಾಗಾದರೆ ಶಮ್ನಾ, ನಿಮ್ಮ ಒಂದೆಲಗವೂ ಅಕ್ಕಿಹಿಟ್ಟೂ ಒಂದೇ ಅಂತಾಯಿತು," ಎಂದರು ಮೇಡಂ.

ಅಳು ನುಂಗಿಕೊಂಡು ಮನೆಗೆ ಬಂದು ಹೇಳಿದೆ. ಉಮ್ಮನ ಮುಖ ಅರಳಿತು.

"ಗುಣ ಆಗದೆ ಇರ್ತದಾ? ನಲವತ್ತು ಮನೆಗೂ ದಿನಾ ಬೆಳಿಗ್ಗೆ ನಾನೇ ರಸ ಕೊಟ್ಟು ಬಂದಿದ್ದೇನೆ."

"ನಲವತ್ತು ಮನೆಗೂ?"

"ಹಿಟ್ಟು ಯಾರಿಗೆ ಅಂತ ನೀನು ಹೇಳಲಿಲ್ಲ ಅಲ್ವಾ? ನೆರೆಕರೆಯವರಿಗೆ ಹಿಟ್ಟು ತಿನ್ನಿಸಿ ಮತ್ತೆ ಅವರ ಮುಖ ನೋಡುವುದು ಹೇಗೆ ಮಾರಾಯ್ತಿ?"

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದು, ಒಂದು ವಾರ ಮಾತು ಬಿಟ್ಟೆ.

ವಿಷಯ ತಿಳಿದ ಮೇಡಂ, "ಎಲ್ಲವನ್ನೂ ಮೊದಲಿನಿಂದ ಮಾಡಿ. ಇದು ಕೊನೆಯ ಅವಕಾಶ," ಎಂದರು. ಈ ಸಲ ಉಮ್ಮನಿಗೆ ಗುರುತಿನವರು ಒಬ್ಬರೂ ಇಲ್ಲದ ಬಜಗೋಳಿ ಎಂಬ ಊರನ್ನು ಆರಿಸಿಕೊಂಡೆ. ಮೊದಲ ಮನೆ ರಾಚವ್ವನವರದು. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ಉಳಿದ ಅಜ್ಜಿ. ಒಪ್ಪಿಗೆ ಪತ್ರವನ್ನು ನನ್ನಿಂದಲೇ ಓದಿಸಿ, ಕಾಲು ತಿಕ್ಕಿಕೊಳ್ಳುತ್ತಾ ಕೇಳಿದರು:

"ನನ್ನ ಡಬ್ಬ್ಯಾಗ ಇರೋದು ಔಷಧನೋ ಹಿಟ್ಟೋ? ಖರೇ ಹೇಳಬೇ ಯವ್ವಾ."

"ನನಗೂ ಗೊತ್ತಿಲ್ಲ ಅಜ್ಜಿ."

"ಹಿಟ್ಟಾದ್ರ ಮೂರು ತಿಂಗಳು ನನ್ನ ಕಾಲು ಹಿಂಗ ಇರಬೇಕೇನು?"

ಉಮ್ಮನನ್ನು ಹಾಗೆಲ್ಲ ಬೈದದ್ದಕ್ಕೆ ನಾಚಿಕೆಯಾಯಿತು. ಅಂಗಳಕ್ಕೆ ಬಂದು ಅವಳಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದೆ.

"ಪಾಪ! ಆ ಅಜ್ಜಿಯ ಹೆಸರೆಂತ ಮೋಳೇ? ಮನೆ ಎಲ್ಲಿ ಉಂಟು?" ಎಂದಳು ಉಮ್ಮ.

ಹೆಸರು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಫೋನ್ ಕಟ್ ಮಾಡಿ, ಸ್ವಿಚ್ ಆಫ್ ಕೂಡ ಮಾಡಿದೆ.