ದುರ್ಗಾಂಬಿಕಾಳ ಹೆಸರಿನ ಸೂಜಿ

ಹೊಸ ಹೆಸರಿಗೆ ಓಗೊಡುವುದು ಸುಲಭ. ಹಳೆಯ ಹೆಸರಿಗೆ ಓಗೊಡದೆ ಇರುವುದೇ ಕಷ್ಟ ಎಂಬುದು ರಕ್ಷಾಳಿಗೆ ಚನ್ನಗಿರಿಯ ಪ್ರಮೀಳಾಳ ಮನೆಗೆ ಬಂದ ಮೇಲೆ ಗೊತ್ತಾಯಿತು.

"ದುರ್ಗಾ, ಲೋಟ ತೊಳಿ." "ದುರ್ಗಾ, ಹಿತ್ಲ ಬಾಗ್ಲು ಹಾಕು." ಇದಕ್ಕೆಲ್ಲ ಅವಳು ಬೇಗ ಒಗ್ಗಿಕೊಂಡಳು. ಆದರೆ ಪ್ರಮೀಳಾ ಅಷ್ಟಕ್ಕೆ ಬಿಡುವವಳಲ್ಲ. ರಕ್ಷಾ ಬಟ್ಟೆ ಹಿಂಡುತ್ತಲೋ ಅಕ್ಕಿ ಆರಿಸುತ್ತಲೋ ಮೈಮರೆತಿರುವಾಗ ಬೆನ್ನ ಹಿಂದೆ ಬಂದು, ಮುದ್ದು ಮಾಡುವವಳ ಹಾಗೆ, "ರಕ್ಷಾ" ಎನ್ನುವಳು. ಕತ್ತು ತಾನಾಗಿ ತಿರುಗಿಬಿಡುತ್ತಿತ್ತು.

"ನೋಡು, ಮತ್ತೆ ತಿರುಗ್ದೆ! ಏರ್‌ಪೋರ್ಟ್‌ನಾಗೆ ಹಿಂಗೇ ತಿರುಗಿದ್ರೆ ನಮ್ಮನ್ನೆಲ್ಲ ಒಳಗೆ ಹಾಕ್ತಾರೆ ಕಣೇ. ನೀನು ಯಾರು ಹೇಳು?"

"ದುರ್ಗಾಂಬಿಕಾ."

"ವಯಸ್ಸು?"

"ಮೂವತ್ತೊಂದು."

"ಮೂವತ್ತೊಂದು ಅಂತ ಹೇಳುವಾಗ ನೆಲ ನೋಡಬ್ಯಾಡ. ಮೂವತ್ತು ದಾಟಿದ ಹೆಂಗಸು ಹಂಗೆ ನಾಚ್ಕಳಲ್ಲ."

ರಕ್ಷಾಳಿಗೆ ಹತ್ತೊಂಬತ್ತು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ತಾಯಿ ಮೂಕಮ್ಮನ ಜೊತೆ ಕೂಲಿಗೆ ಹೋಗುತ್ತಿದ್ದಳು. ಪ್ರಮೀಳಾಳ ಗಂಡ ಅರುಣ್ ಕುಮಾರ್ ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸುತ್ತಾನೆಂದು ಸುತ್ತ ಊರಿನವರಿಗೆ ಗೊತ್ತಿತ್ತು. ಒಂದು ಸಂಜೆ ಅವನೇ ಇವರ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಚಹಾ ಕುಡಿದು ಮಾತಾಡಿದ. ಹತ್ತನೇ ಕ್ಲಾಸು ಪಾಸಾಗದ ಹೆಂಗಸರು ಅಲ್ಲಿಗೆ ಮನೆಗೆಲಸಕ್ಕೆ ಹೋಗಬೇಕಾದರೆ ಮೂವತ್ತು ತುಂಬಿರಬೇಕಂತೆ, ಸರ್ಕಾರದ ರೂಲ್ಸಂತೆ. ಅದಕ್ಕೆ ಬೇರೆ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸಿದರೆ ಆಯಿತು, ಎಲ್ಲರೂ ಹಾಗೇ ಹೋಗುವುದು ಎಂದ.

"ನನ್ನ ಮಗಳಿಗೆ ಬಾಯೇ ಇಲ್ಲಪ್ಪ. ಪರದೇಶದಾಗೆ ಹೆಂಗೆ ಬದುಕ್ತಾಳೆ?" ಎಂದು ಮೂಕಮ್ಮ ಕೇಳಿದ್ದಳು.

"ಬಾಯಿಲ್ದೋಳೇ ಬೇಕು ಅಂತಾರೆ ಅವ್ರು," ಎಂದು ಅವನು ನಕ್ಕಿದ್ದ.

ಮೂಕಮ್ಮ ಅದನ್ನು ಹೊಗಳಿಕೆ ಎಂದುಕೊಂಡಳು. ರಕ್ಷಾ ಹಾಗೆ ತಿಳಿಯಲಿಲ್ಲ. ಮಾತು ಕಡಿಮೆಯಾದ್ದರಿಂದ ಅವಳಿಗೆ ನೋಡುವುದೇ ಕೆಲಸವಾಗಿತ್ತು. ಹಾಗೆ ನಗುವಾಗ ಅವನು ತಾಯಿಯನ್ನಾಗಲಿ ಮಗಳನ್ನಾಗಲಿ ನೋಡಲಿಲ್ಲ, ಬಾಗಿಲ ಕಡೆ ನೋಡಿದ. ಆದರೆ ಅದನ್ನು ಹೇಳಲು ಅನುಮಾನ ಒಂದೇ ಸಾಲದು, ಮಾತೂ ಬೇಕು.

ರಕ್ಷಾಳನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು, ಬೇರೊಬ್ಬಳ ಆಧಾರ್ ಮೇಲೆ ಪಾಸ್‌ಪೋರ್ಟ್ ಮಾಡಿಸಿದರು. ಫೋಟೋ ಅವಳದು, ಹೆಸರು ದುರ್ಗಾಂಬಿಕಾ. ಅವಳ ಫೋನನ್ನು ಪ್ರಮೀಳಾ ಸಿಮ್ ಬದಲಿಸಬೇಕೆಂದು ಈಸಿಕೊಂಡವಳು ತಿರುಗಿ ಕೊಡಲಿಲ್ಲ. ತುರುಬು ಕಟ್ಟುವುದನ್ನು, ಸೀರೆಯ ಸೆರಗನ್ನು ದೊಡ್ಡವರ ಹಾಗೆ ಸಿಕ್ಕಿಸುವುದನ್ನು ಕಲಿಸಿದಳು.

ಒಮ್ಮೆ ರಕ್ಷಾ ಧೈರ್ಯ ಮಾಡಿ ಕೇಳಿದಳು. "ಅಕ್ಕಾ, ಈ ದುರ್ಗಾಂಬಿಕಾ ಅಂದ್ರೆ ಯಾರು?"

"ನ್ಯಾಮತಿ ಕಡೆಯೋಳು. ಗೋವಿನಕೋವಿ."

"ಅವರ ಆಧಾರ್ ನಾವು ತಗಂಡ್ರೆ ಅವರಿಗೆ?"

ಪ್ರಮೀಳಾ ಬೀನ್ಸ್ ಮುರಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ಅವಳಿಗೆ ಇನ್ಮ್ಯಾಲೆ ಬ್ಯಾಡ ಅದು," ಎಂದಳು.

ಮರುವಾರ ಒಬ್ಬ ಮುದುಕಿ ಮನೆಗೆ ಬಂದಳು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಜಗಲಿಯ ಅಂಚಿನಲ್ಲಿ ಕೂತಳು. ಅಡುಗೆಮನೆಯಲ್ಲಿದ್ದ ರಕ್ಷಾಳಿಗೆ ಮಾತೆಲ್ಲ ಕೇಳಿಸುತ್ತಿತ್ತು.

"ನನ್ನ ಮಗಳನ್ನ ಬೆಂಗ್ಳೂರಾಗೆ ಕೆಲ್ಸ ಅಂತ ಕರ್ಕಂಡು ಹೋದ್ರಿ. ವರ್ಷ ಆತು ತಾಯಿ. ಒಂದು ಫೋನಿಲ್ಲ."

"ದೊಡ್ಡ ಮನೆ ಅಜ್ಜಿ. ಕೆಲ್ಸದೋರಿಗೆ ಫೋನ್ ಕೊಡಲ್ಲ. ಆರಾಮಾಗಿದಾಳೆ, ದಪ್ಪ ಆಗಿದಾಳೆ."

"ದಪ್ಪ ಆಗಿದ್ರೆ ಆಗ್ಲಿ. ಅಡ್ರೆಸ್ಸಾದ್ರೂ ಕೊಡ್ರಿ, ನಾನೇ ಹೋಗಿ ನೋಡ್ಕಂಡು ಬತ್ತೀನಿ."

"ಕೊಡಾನ ಬಿಡ್ರಿ. ಮೊದ್ಲು ಸುಧಾರಿಸ್ಕಳ್ರಿ." ಪ್ರಮೀಳಾ ಒಳಕ್ಕೆ ತಿರುಗಿ, ದಿನದ ರೂಢಿಯಲ್ಲಿ, ಕೂಗಿದಳು. "ದುರ್ಗಾ, ನೀರು ತಾರೆ!"

ರಕ್ಷಾ ಚೊಂಬು ಹಿಡಿದು ಹೊಸ್ತಿಲಿಗೆ ಬಂದಳು. ಮುದುಕಿ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಒಮ್ಮೆಲೇ ಬಂದ ಬೆಳಕನ್ನು ರಕ್ಷಾ ನೋಡಿದಳು. ತನ್ನ ಮುಖ ಕಂಡೊಡನೆ ಅದು ಆರಿಹೋದದ್ದನ್ನೂ ನೋಡಿದಳು. ಮುದುಕಿ ನೀರು ಮುಟ್ಟಲಿಲ್ಲ. "ನಿನ್ನ ಹೆಸರೂ ಅದೇನಾ ಮಗಾ?" ಎಂದಳು. ಪ್ರಮೀಳಾ ನಡುವೆ ಬಂದು ನಿಂತಳು.

ಅಂದಿನಿಂದ ಆ ಹೆಸರು ಸತ್ತವರ ಸೀರೆ ಉಟ್ಟ ಹಾಗೆ ರಕ್ಷಾಳ ಮೈಗೆ ಅಂಟಿತು. ತಾನೂ ಅತ್ತ ಹೋಗಿ ಸುಳಿವಿಲ್ಲದಾದರೆ ಮೂಕಮ್ಮ ಯಾರನ್ನು ಹುಡುಕುತ್ತಾಳೆ? ಸೊಕ್ಕೆಯ ರಕ್ಷಾ ಎಲ್ಲಿಗೂ ಹೋಗಿರುವುದೇ ಇಲ್ಲವಲ್ಲ. ಹೋದವಳು ಗೋವಿನಕೋವಿಯ ದುರ್ಗಾಂಬಿಕಾ. ಇನ್ನು ಉಳಿದದ್ದು ಬೆಂಗಳೂರಿನಲ್ಲಿ ಮೆಡಿಕಲ್ ತಪಾಸಣೆ ಒಂದೇ, ಅದಾದರೆ ವೀಸಾ. ಮೆಡಿಕಲ್‌ಗೆ ಹೋಗುವ ಮೊದಲು ದಡಾರ, ಮಂಗನಬಾವು ಎಲ್ಲದರ ಸೂಜಿ ಹಾಕಿಸಿ ಸರ್ಟಿಫಿಕೇಟ್ ಒಯ್ಯಬೇಕಿತ್ತು.

ಚನ್ನಗಿರಿಯಲ್ಲಿ ತಮ್ಮನ್ನು ಗುರುತು ಹಿಡಿಯುವವರು ಹೆಚ್ಚು ಎಂದು ಅವಳನ್ನು ಹೊನ್ನಾಳಿಗೆ ಕರೆದುಕೊಂಡು ಹೋದರು. ಅರುಣ್ ಕುಮಾರ್ ಕಾರನ್ನು ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ, "ಬೇಗ ಮುಗಿಸ್ಕಂಡು ಬರ್ರಿ" ಎಂದ.

"ಮೊದ್ಲು ಯಾವ್ದಾದ್ರೂ ಹಾಕ್ಸಿದೀರಾ ಅಂತ ಕೇಳಿದ್ರೆ ಯಾವ್ದೂ ಇಲ್ಲ ಅನ್ನು," ಎಂದು ಪ್ರಮೀಳಾ ದಾರಿಯಲ್ಲಿ ಹೇಳಿಕೊಟ್ಟಳು. "ಅದೇನು ಸುಳ್ಳಲ್ಲ ಬಿಡು. ನಿಮ್ಮೂರಾಗೆ ಯಾರು ಹಾಕ್ತಿದ್ರು?"

ಸಣ್ಣ ನರ್ಸಿಂಗ್ ಹೋಮು. ಸೂಜಿ ಹಾಕುವ ಕೋಣೆಯಲ್ಲಿ ಶಿವಗಂಗಮ್ಮ ಎಂಬ ವಯಸ್ಸಾದ ನರ್ಸ್ ಇದ್ದಳು. "ದುರ್ಗಾಂಬಿಕಾ" ಎಂದು ಕೂಗಿದಳು. ರಕ್ಷಾ ಎದ್ದಳು. ಪ್ರಮೀಳಾ ಹಿಂದೆಯೇ ಬಂದಳು.

"ಇದು ಬಸುರಿ ಹೆಂಗಸ್ರಿಗೆ ಹಾಕಂಗಿಲ್ಲ. ಮುಟ್ಟು ಯಾವಾಗ ಆಗಿತ್ತವ್ವಾ?"

"ಅಯ್ಯೋ, ಗಂಡ ಬಿಟ್ಟು ಎರಡ್ ವರ್ಷ ಆತು ಬಿಡ್ರಿ ಇವಳಿಗೆ," ಎಂದಳು ಪ್ರಮೀಳಾ.

"ನಿಮ್ಮನ್ನ ಕೇಳಲಿಲ್ಲ. ಇಂಥದ್ದನ್ನ ಅವಳ ಬಾಯಿಂದ್ಲೇ ಕೇಳ್ಬೇಕು. ಹೊರಗೆ ಕೂತ್ಕಳ್ರಿ."

"ಅವಳು ಮಾತಾಡಲ್ಲ ಸಿಸ್ಟರ್."

"ತಲೆ ಆಡಿಸಾಕೆ ಬರ್ತೈತಲ್ಲ? ನಡೀರಿ, ಇಲ್ಲಾಂದ್ರೆ ಸೂಜಿನೇ ಇಲ್ಲ."

ಪ್ರಮೀಳಾ ರಕ್ಷಾಳ ತೋಳನ್ನು ಒಮ್ಮೆ ಒತ್ತಿ ಹೊರಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸಂದಿಯಲ್ಲಿ ಅವಳ ಸೀರೆಯ ಅಂಚು ಕಾಣುತ್ತಿತ್ತು.

ಶಿವಗಂಗಮ್ಮ ಕೇಳಬೇಕಾದ್ದನ್ನು ಕೇಳಿದಳು. ರಕ್ಷಾ ತಲೆಯಾಡಿಸಿದಳು. ನರ್ಸ್ ಐಸ್ ಡಬ್ಬಿಯಿಂದ ಔಷಧಿಯ ಪುಟ್ಟ ಬಾಟಲಿ ತೆಗೆದಳು. "ಈ ದಡಾರದ ಸೂಜಿ ಮೊದ್ಲು ಹಾಕ್ಸಿದ್ರಾ?" ಕೇಳಿದ್ದು ಕೇಳಬೇಕೆಂದಷ್ಟೇ. ಉತ್ತರಕ್ಕೂ ಕಾಯದೆ ಸಿರಿಂಜು ಬಿಚ್ಚುತ್ತಿದ್ದಳು.

ರಕ್ಷಾಳಿಗೆ ಸೊಕ್ಕೆಯ ಶಾಲೆಯ ಜಗಲಿ ನೆನಪಾಯಿತು. ಆ ಸೂಜಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವೆಂದು ಯಾರೋ ಫೋನಿನಲ್ಲಿ ಹಬ್ಬಿಸಿ, ಅರ್ಧ ಊರು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡಿತ್ತು. ಮೂಕಮ್ಮ ಮಾತ್ರ ಕೂಲಿ ಬಿಟ್ಟು ಬಂದು, ಸಾಲಿನಲ್ಲಿ ಇವಳ ಹಿಂದೆ ನಿಂತಿದ್ದಳು. ಸೂಜಿಯಾದ ಮೇಲೆ ಎಡಗೈ ಹೆಬ್ಬೆರಳ ಉಗುರಿಗೆ ಓಟು ಹಾಕಿದವರಿಗೆ ಹಚ್ಚುವಂಥ ಶಾಯಿ ಹಚ್ಚಿದ್ದರು. ಅದು ಬೆಳೆದು ಹೋಗುವವರೆಗೂ ಅವಳು ದಿನಾ ನೋಡಿಕೊಳ್ಳುತ್ತಿದ್ದಳು.

ಹೂಂ ಎಂದರೆ ಹೊರಗೆ ಕೇಳಿಸುತ್ತಿತ್ತು. ಬಾಗಿಲ ಸಂದಿಯಲ್ಲಿ ಸೀರೆಯ ಅಂಚು ಇನ್ನಷ್ಟು ಹತ್ತಿರ ಬಂದಿತ್ತು. ರಕ್ಷಾ ಎಡಗೈ ಹೆಬ್ಬೆರಳನ್ನು ಮುಂದೆ ಚಾಚಿದಳು. ಬಲಗೈಯ ಬೆರಳಿನಿಂದ ಉಗುರಿನ ಮೇಲೆ ಒಂದು ಗೆರೆ ಎಳೆದು ತೋರಿಸಿದಳು.

ಶಿವಗಂಗಮ್ಮ ಉಗುರನ್ನು ನೋಡಿದಳು, ಅವಳ ಮುಖವನ್ನು ನೋಡಿದಳು. "ಶಾಲೆಯಾಗೆ ಹಾಕಿದ್ದಾ?" ದನಿ ತಾನಾಗಿ ಇಳಿದಿತ್ತು. "ಎಷ್ಟನೇ ಕ್ಲಾಸು?"

ರಕ್ಷಾ ಕೈಯ ಐದೂ ಬೆರಳು ಬಿಚ್ಚಿ ಎದೆಗೆ ಒತ್ತಿ ಹಿಡಿದಳು, ಹೊರಗಿನವರಿಗೆ ಕಾಣದಂತೆ.

ನರ್ಸ್ ಮುಂದಿದ್ದ ಕಾಗದವನ್ನು ಓದಿದಳು. ಉಗುರಿಗೆ ಶಾಯಿ ಹಚ್ಚಿ ಶಾಲೆಗಳಲ್ಲಿ ಆ ಸೂಜಿ ಹಾಕಿದ್ದು ಒಂದೇ ಸಲ, ಎಂಟೊಂಬತ್ತು ವರ್ಷದ ಹಿಂದೆ; ಆಗ ಅವಳೂ ಶಾಲೆಯಿಂದ ಶಾಲೆಗೆ ಡಬ್ಬಿ ಹೊತ್ತು ಅಲೆದಿದ್ದವಳು. ಅಂದು ಮಕ್ಕಳ ಸಾಲಿನಲ್ಲಿ ನಿಂತವಳಿಗೆ ಇಂದು ಮೂವತ್ತೊಂದು ಹೇಗಾದೀತು? ಅವಳು ಬಾಟಲಿಯನ್ನು ಐಸ್ ಡಬ್ಬಿಗೆ ಹಿಂದಕ್ಕೆ ಇಟ್ಟಳು. ಬಾಗಿಲ ಸಂದಿಯ ಕಡೆ ಕಳ್ಳನೋಟ ಹರಿಸಿದ್ದನ್ನು ರಕ್ಷಾ ಕಂಡಳು. ಇವಳಿಗೂ ಭಯವಾಗಿದೆ. ಈಗ ಬಾಗಿಲು ತೆರೆದು, ನನಗ್ಯಾಕೆ ಬೇಕು ಎಂದು ನನ್ನನ್ನು ಅವರ ಕೈಗೇ ಕೊಟ್ಟುಬಿಟ್ಟರೆ?

ಶಿವಗಂಗಮ್ಮ ಎದ್ದಳು. ಬಾಗಿಲ ತನಕ ನಡೆದು ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ನೂಕಿ ಚಿಲಕ ಹಾಕಿದಳು.

"ನಿಜವಾದ ಹೆಸರೇನವ್ವಾ?"

"ರಕ್ಷಾ."

ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಆ ಹೆಸರು ಬಂತು. ಅದರ ಹಿಂದೆಯೇ ಇನ್ನೊಂದು ಮಾತೂ ಹೊರಬಿತ್ತು. "ದುರ್ಗಾಂಬಿಕಾ ಬೇರೆ ಅದಾಳೆ. ಗೋವಿನಕೋವಿಯೋಳು. ಅವರವ್ವ ಹುಡುಕ್ತಾಳೆ."

ನರ್ಸ್ ಗೋಡೆಯ ಕಡೆ ತಿರುಗಿ, ಫೋನಿನಲ್ಲಿ ಮೆಲುದನಿಯಲ್ಲಿ ಪೊಲೀಸರೊಂದಿಗೆ ಮಾತಾಡತೊಡಗಿದಳು. ಊರು, ಬೀದಿ, ಬೇಗ ಬರ್ರಿ ಎಂಬುದು ಮಾತ್ರ ಕೇಳಿಸುತ್ತಿತ್ತು.

"ದುರ್ಗಾ?" ಹೊರಗಿಂದ ಪ್ರಮೀಳಾ ಬಾಗಿಲು ತಟ್ಟಿದಳು. "ಆತಾ? ದುರ್ಗಾ! ಬಾಗಿಲು ಯಾಕೆ ಹಾಕಿದ್ರಿ ಸಿಸ್ಟರ್?"

ಆಮೇಲೆ ಅವಳು ಫೋನಿನಲ್ಲಿ ಗಂಡನನ್ನು ಕರೆಯುವುದು ಕೇಳಿಸಿತು. ಕಿಟಕಿಯಾಚೆ ಕಾರೊಂದು ಬಂದು ನಿಂತ ಸದ್ದಾಯಿತು. ಅದರ ಬಾಗಿಲು ತೆರೆದು ಮುಚ್ಚಿತು. ಗಂಡಸಿನ ಹೆಜ್ಜೆಗಳು ಕೋಣೆಯ ತನಕ ಬಂದವು. ಬಾಗಿಲಿಗೆ ಯಾರೋ ಭುಜ ಒತ್ತಿದಂತಾಯಿತು, ಚಿಲಕ ಕಿರುಗುಟ್ಟಿತು. ಆಮೇಲೆ ಪಿಸುಮಾತು. ಆಮೇಲೆ ಪ್ರಮೀಳಾಳ ದನಿ, ಬೆನ್ನ ಹಿಂದಿನಿಂದ ಕರೆಯುತ್ತಿದ್ದಾಗಿನ ಅದೇ ಮುದ್ದಿನ ದನಿ:

"ರಕ್ಷಾ... ಬಾರೆ ನನ್ನವ್ವ. ನಿಮ್ಮೂರಿಗೇ ಬಿಟ್ಟು ಬತ್ತೀವಿ. ರಕ್ಷಾ..."

ರಕ್ಷಾ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ತಿರುಗಲಿಲ್ಲ.